ಮಣ್ಣು ಹುಡುಕಿದ ಕೈ

ಪೂನಮ್ ಯಾರಿಗೂ ಐದು ಚುಕ್ಕಿ ಕೊಟ್ಟವಳಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಪ್ರಿಂಟಿನ ಅಂಗಡಿ ಇಟ್ಟುಕೊಂಡಿರುವ ಈ ಹೆಣ್ಣುಮಗಳು ಸಂಜೆಯಾಯಿತೆಂದರೆ ಮೊಬೈಲಿನ ಮುಂದೆ ಕುಳಿತು ಐದಕ್ಕೆ ಇಷ್ಟು ಚುಕ್ಕಿ ಎಂದು ಕುಸ್ತಿಗಳ ತೂಕ ಹೇಳುತ್ತಾಳೆ. ಗರಡಿಮನೆಯ ಮಣ್ಣಿನ ಕುಸ್ತಿಯಲ್ಲ. ನಾಲ್ಕು ಕಂಬ ನೆಟ್ಟು, ಹಗ್ಗ ಬಿಗಿದು, ಹಾಡು ಹೊಗೆ ಬಣ್ಣದ ದೀಪಗಳ ನಡುವೆ ಆಡುವ ಆಟದ ಕುಸ್ತಿ. ಯಾರು ಗೆಲ್ಲಬೇಕೆಂಬುದು ಬೆಳಿಗ್ಗೆಯೇ ತೀರ್ಮಾನವಾಗಿರುತ್ತದೆ. ಅವಳ ಚಾನೆಲ್ಲಿನ ಹೆಸರು ‘ಪಟ್ಟು’. ಅದರಲ್ಲಿ ಎರಡೂವರೆ ಚುಕ್ಕಿ ಬಂದರೆ ಮರ್ಯಾದೆ ಉಳಿಯಿತು, ಮೂರು ಬಂದರೆ ಹಬ್ಬ. ನಾಲ್ಕು ಬಂದವನು ತನ್ನ ಫೋಟೋದ ಫ್ಲೆಕ್ಸ್ ಮಾಡಿಸುತ್ತಾನೆ, ಅದನ್ನೂ ಅವಳ ಅಂಗಡಿಯಲ್ಲೇ. ಜನ ಅವಳನ್ನು ಎದುರಿಗೆ ಚುಕ್ಕಿ ಅಕ್ಕಾರು ಎನ್ನುತ್ತಾರೆ, ಬೆನ್ನ ಹಿಂದೆ ಜಿಪುಣಿ ಎನ್ನುತ್ತಾರೆ. ಎರಡೂ ನಿಜವೇ.

“ಮೊದಲ ಠರಾಯಿಸಿದ ಕುಸ್ತಿಗೆ ಎಂಥಾ ತೂಕ್ರಿ ಅಕ್ಕಾರ?” ಎಂದು ಫ್ಲೆಕ್ಸ್ ಒಯ್ಯಲು ಬಂದವರು ಕೆಣಕುವುದುಂಟು.

“ನಾಟಕಾ ನೋಡಿ ಬಂದಾಂವಗ ಯಾರ್ ಗೆದ್ರು ಅಂತ ಕೇಳ್ತೀರೇನು? ಹೆಂಗ ಆಡಿದ್ರು ಅಂತ ಕೇಳ್ತೀರಿ. ಇದೂ ಹಂಗ ಐತ್ರಿ,” ಎನ್ನುತ್ತಾಳೆ ಪೂನಮ್, ತಲೆಯೆತ್ತದೆ.

ಅವಳ ತೂಕಕ್ಕೊಂದು ರೀತಿ ಇದೆ. ಇಬ್ಬರೂ ಒಬ್ಬರನ್ನೊಬ್ಬರು ಹೇಗೆ ಕಾಯುತ್ತಾರೆ ಎಂಬುದನ್ನು ಮೊದಲು ನೋಡುತ್ತಾಳೆ; ಈ ಕುಸ್ತಿಯಲ್ಲಿ ಬೀಳುವವನ ಜೀವ ಎತ್ತಿ ಒಗೆಯುವವನ ಕೈಯಲ್ಲಿರುತ್ತದೆ, ಎದುರಾಳಿಯೇ ಕಾವಲುಗಾರ. ಆಮೇಲೆ ಕಥೆ. ಕಾಲಿಗೆ ಪೆಟ್ಟು ತಿಂದವನು ಮರುಗಳಿಗೆಯಲ್ಲಿ ಅದೇ ಕಾಲಿನಿಂದ ಓಡಿದರೆ ಅರ್ಧ ಚುಕ್ಕಿ ಕಿತ್ತುಕೊಳ್ಳುತ್ತಾಳೆ. ಕೂತವರು ಉಸಿರು ಹಿಡಿದರೋ, ಅಥವಾ ನಡುವೆ ಎದ್ದು ಗಿರಮಿಟ್ಟು ತಿನ್ನಲು ಹೋದರೋ, ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಕುಸ್ತಿಯ ತೂಕ ಬೇರೆ, ಇಡೀ ಆಟದ ತೂಕ ಬೇರೆ. ಹೋಳಿಗೆಯೊಂದು ಚೆನ್ನಾಗಿ ಬಂತೆಂದು ಊಟವೆಲ್ಲ ರುಚಿಯಾಗುವುದಿಲ್ಲವಲ್ಲ.

ಈ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಲಗಮಪ್ಪ ಪೈಲವಾನ ಮಣ್ಣಿನ ಕುಸ್ತಿಯವನು. ಹರೆಯದಲ್ಲಿ ಒಂದೂರಿನ ಕಣದಲ್ಲಿ ಆತ ಎದುರಾಳಿಯ ಬೆನ್ನನ್ನು ನೆಲಕ್ಕೆ ಹಚ್ಚಿದ್ದ. ಊರೆಲ್ಲ ಕಂಡಿತ್ತು. ಆದರೆ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಊರಾಚೆಯ ನಮ್ಮ ಕೇರಿಯ ಹುಡುಗನ ಕೈ ಹಿಡಿದು ಮೇಲೆತ್ತಲು ಮನಸ್ಸು ಬರಲಿಲ್ಲ. “ಕುಸ್ತಿ ಬರೋಬ್ಬರಿ”, ಇಬ್ಬರೂ ಸಮ, ಎಂದು ಸಾರಿ ಎದ್ದು ಹೋದರು. ಆತ ಸಾಯುವವರೆಗೂ ಆ ಸಿಟ್ಟು ಆರಲಿಲ್ಲ. ಗೆದ್ದ ಕುಸ್ತಿಯೊಂದು ಯಾರೋ ಮಾತು ತಿರುಚಿದ್ದಕ್ಕೆ ಇಲ್ಲದಂತಾಯಿತು ಎಂಬುದನ್ನು ಕೇಳುತ್ತಲೇ ಬೆಳೆದ ಪೂನಮ್, ಕಂಡದ್ದನ್ನು ಕಂಡಂತೆ ಹೇಳುವವರು ಒಬ್ಬರಾದರೂ ಇರಬೇಕೆಂದು ಹಟ ಹಿಡಿದಳು. ಯಾರದೇ ಮುಖ ನೋಡಿ ಅವಳು ತಕ್ಕಡಿ ಹಿಡಿದವಳಲ್ಲ.

ಹಾಗಾಗಿ ಬಿಸಿ ತಟ್ಟಿದ್ದು ಕಾಂತೇಶನಿಗೆ. ಕಾಂತೇಶ ಅವಳ ಕಾಕನ ಮಗ, ಬೆನ್ನಿಗೆ ಬಿದ್ದ ತಮ್ಮನಂಥವನು, ಲಗಮಪ್ಪನ ಗರಡಿಯಲ್ಲೇ ಬೆಳೆದವನು. ಮಣ್ಣಿನ ಕುಸ್ತಿಯಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು ವಿರೂಪಾಕ್ಷ ಎಂಬವನ ಆಟದ ಕುಸ್ತಿಯ ಕಂಪನಿ ಸೇರಿದ್ದ. ತಮ್ಮನಿಗೆ ಒಂದು ಚುಕ್ಕಿ ಹೆಚ್ಚು ಕೊಟ್ಟರೆ ಜನ ನಾಲ್ಕು ಮಾತಾಡುತ್ತಾರೆಂದು ಪೂನಮ್ ಅವನಿಗೆ ಯಾವಾಗಲೂ ಒಂದು ಕೈ ಕಡಿಮೆಯೇ ತೂಗಿದಳು. ಬೇರೆಯವರಿಗೆ ಮೂರು ಕೊಡುವಲ್ಲಿ ಇವನಿಗೆ ಎರಡೂವರೆ. ಅವನು ನಗುತ್ತಿದ್ದ, ಮುಂದಿನ ಆಟಕ್ಕೆ ಇನ್ನಷ್ಟು ಮೈ ಹುರಿ ಮಾಡಿಕೊಂಡು ಬರುತ್ತಿದ್ದ. ಅವನಿಗೆ ಬೇಕಾಗಿದ್ದುದು ಊರವರ ಸಿಳ್ಳೆಯಲ್ಲ, ಅಕ್ಕನ ಬಾಯಿಂದ ಬರುವ ಐದು ಚುಕ್ಕಿ.

ಈ ಸಲ ಕಂಪನಿ ರಾಮದುರ್ಗದಲ್ಲಿ ಮೊದಲ ಆಟ ಕಟ್ಟಿತು. ಆಮೇಲೆ ಸವದತ್ತಿ, ಕೊನೆಗೆ ಬೈಲಹೊಂಗಲ. ಕಾಂತೇಶನ ಜೋಡಿ ಸಾಲಹಳ್ಳಿಯ ಸಂದೀಪ. ಮೂಲೆಯ ಕಂಬದ ತುದಿಗೆ ಇಬ್ಬರೂ ಏರುತ್ತಾರೆ, ಸಂದೀಪ ಇವನ ಸೊಂಟ ಹಿಡಿದು ಹಿಂದಕ್ಕೆ ಎತ್ತಿ ಒಗೆಯುತ್ತಾನೆ, ಕಾಂತೇಶ ಗಾಳಿಯಲ್ಲಿ ತಿರುಗಿ ಬೆನ್ನ ಹರವಿನ ಮೇಲೆ ಬೀಳುತ್ತಾನೆ. ಆ ಬೀಳುವಿಕೆಯೇ ಆ ಕುಸ್ತಿಯ ಜೀವಾಳ. ರಾಮದುರ್ಗದಲ್ಲಿ ಜನ ಚಪ್ಪಾಳೆ ತಟ್ಟಿದರು. ಪೂನಮ್ ಮೂರು ಚುಕ್ಕಿ ಕೊಟ್ಟು ಹೀಗೆಂದಳು: “ಎಲ್ಲಾ ಛಲೋ ಐತಿ. ಆದ್ರ ಕಾಂತೇಶ ಬೀಳುವಾಗ ನೆಲಾ ನೋಡ್ತಾನ. ನೆಲಾ ನೋಡಿ ಬೀಳೋ ಮನಶ್ಯಾನ ಮ್ಯಾಲ ಯಾರಿಗೆ ಕರುಣಾ ಬರತೈತಿ? ಆ ಅಂಜಿಕಿ ಹೋದ ದಿನಾ ಇಂವಾ ದೊಡ್ಡ ಆಟಗಾರ ಆಗ್ತಾನ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸವದತ್ತಿಯ ಆಟಕ್ಕೆ ಉಗರಗೋಳದ ಅಂಗಡಿಕಾರರೂ ಬಾಗಿಲು ಹಾಕಿಕೊಂಡು ಬಂದಿದ್ದರು. ಪೂನಮ್ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಸಂದೀಪ ಎತ್ತಿ ಒಗೆದ. ಕಾಂತೇಶ ಈ ಸಲ ನೆಲ ನೋಡಲಿಲ್ಲ. ಮುಖ ಆಕಾಶಕ್ಕಿತ್ತು, ಕಣ್ಣು ತೆರೆದಿತ್ತು. ಧಡ್ ಎಂದು ಬಿದ್ದ ಸದ್ದಿಗೆ ಹೆಂಗಸೊಬ್ಬಳು ಚೀರಿದಳು. ಬಿದ್ದವನು ಅಲುಗಲಿಲ್ಲ. ಆಮೇಲೆ ಅವನ ಎಡಗೈ ಒಂದೇ ನಿಧಾನವಾಗಿ ರಿಂಗಿನ ಹಾಸಿನ ಮೇಲೆ ಹರಿದಾಡಿತು, ಏನನ್ನೋ ಬಾಚಿತು, ಖಾಲಿ ಮುಷ್ಟಿಯನ್ನು ಹಿಂಗತ್ತಿಗೆ ಒಯ್ದು ತಿಕ್ಕಿತು. ಮತ್ತೆ ಬಾಚಿತು, ಮತ್ತೆ ತಿಕ್ಕಿತು. ಗರಡಿಮನೆಯಲ್ಲಿ ಪೆಟ್ಟು ಬಿದ್ದವನು ಮಾಡುವುದೇ ಅದು. ಅರಿಸಿನ, ಮಜ್ಜಿಗೆ, ಎಣ್ಣೆ ಕುಡಿದ ಕೆಮ್ಮಣ್ಣನ್ನು ಹಿಡಿ ತೆಗೆದು ನೊಂದ ಜಾಗಕ್ಕೆ ಹಚ್ಚುತ್ತಾನೆ. ಮಣ್ಣೇ ಅಲ್ಲಿ ಔಷಧ. ಮಣ್ಣಿಲ್ಲದ ಹಾಸಿನ ಮೇಲೆ ಮಣ್ಣು ಹುಡುಕುವ ಆ ಕೈ ಕಂಡು ಪೂನಮ್ ತೂಕ ಹಾಕುವುದನ್ನೇ ಮರೆತಳು. ಕಾಂತೇಶ ಎದ್ದ, ತೂರಾಡಿದ, ಮೊದಲೇ ಮಾತಾಗಿದ್ದಂತೆ ಸಂದೀಪನನ್ನು ಕೆಡವಿ ಗೆದ್ದ. ಜನ ಕುರ್ಚಿಯ ಮೇಲೆ ನಿಂತರು.

ಮರುದಿನ ‘ಪಟ್ಟು’ವಿನಲ್ಲಿ ಅವಳು ಬಾಯಿ ತುಂಬ ಹೊಗಳಿದಳು. ಅಷ್ಟು ವರ್ಷ ಬಿಗಿ ಹಿಡಿದದ್ದೆಲ್ಲ ಒಮ್ಮೆಗೇ ಕಟ್ಟೆ ಒಡೆದಂತೆ ಬಂತು. “ಇದನ್ನ ಯಾವ ಅಮೆರಿಕಾದಾಂವಾ ಮಾಡಾಂಗಿಲ್ಲ. ಗರಡಿಯೊಳಗ ಹುಟ್ಟಿದಾಂವಗ ಅಷ್ಟ ಹೊಳೀತೈತಿ ಆ ಕೈ. ಐದು ಚುಕ್ಕಿ. ಪೂರ್ತಿ ಐದು.” ಎರಡೇ ದಿನದಲ್ಲಿ ಆ ಪೆಟ್ಟಿನ ವಿಡಿಯೋ ತುಣುಕು ಕೊಲ್ಹಾಪುರದವರೆಗೂ ಹೋಯಿತು. ವಿರೂಪಾಕ್ಷ ಬೈಲಹೊಂಗಲದ ಆಟಕ್ಕೆ ದೊಡ್ಡ ಫ್ಲೆಕ್ಸ್ ಬರೆಸಿದ: ‘ಐದು ಚುಕ್ಕಿಯ ಆ ಪೆಟ್ಟು, ಈಗ ನಿಮ್ಮೂರಲ್ಲಿ.’ ಅದನ್ನು ಅಚ್ಚು ಹಾಕಿದವಳೂ ಅವಳೇ.

ಫ್ಲೆಕ್ಸಿನ ಬಣ್ಣ ಆರುತ್ತಿದ್ದಾಗಲೇ ಕಾಂತೇಶ ಪೇಢೆಯ ಡಬ್ಬಿ ಹಿಡಿದು ಅಂಗಡಿಗೆ ಬಂದ. ಅಕ್ಕನ ಕಾಲು ಮುಟ್ಟಲು ಬಾಗಿದವನು ಅರ್ಧಕ್ಕೇ ನಿಂತು ಗೋಡೆ ಹಿಡಿದುಕೊಂಡ. ಪೂನಮ್ ಅದನ್ನು ಸಂಕೋಚವೆಂದುಕೊಂಡಳು.

“ಒಂದ ಮಾತ ಖರೇ ಹೇಳೋ,” ಎಂದಳು ಪೇಢೆ ಬಾಯಿಗಿಟ್ಟುಕೊಳ್ಳುತ್ತ. “ಆ ಮಣ್ಣಿಂದು ನಿನಗ ಹೆಂಗ ಹೊಳೀತು? ಮೊದಲ ಠರಾಯಿಸಿದ್ಯೋ, ಅಲ್ಲೇ ಬಂತೋ?”

“ಯಾವ ಮಣ್ಣ?” ಎಂದ ಕಾಂತೇಶ.

“ಅದ, ಕೈಲೆ ಬಾಚಿ ಬಾಚಿ ಕುತಿಗಿಗೆ ಹಚ್ಚಿಕೊಂಡಿ ಅಲಾ.”

ಕಾಂತೇಶ ನಕ್ಕ. ಆ ನಗೆ ಮುಖದ ಮೇಲೇ ಹಾಗೇ ನಿಂತಿತು. “ನೀ ಅದರಾಗ ಏನೋ ಕೈ ಕೈ ಅಂದಿ, ನನಗ ತಿಳೀಲಿಲ್ಲ. ಅಕ್ಕಾ, ಸಂದೀಪ ಎತ್ತಿದ್ದು ನೆನಪೈತಿ. ಆಮ್ಯಾಲ ಟೆಂಟಿನ್ಯಾಗ ನೀರ ಕುಡಿಯಾಕತ್ತಿದ್ದು ನೆನಪೈತಿ. ನಡಕಿಂದ ಏನೂ ಇಲ್ಲ.”

ಪೇಢೆ ಅವಳ ಬಾಯಲ್ಲಿ ಮಣ್ಣಾಯಿತು. ಮೊಬೈಲು ತೆಗೆದು ಆ ತುಣುಕನ್ನು ತೋರಿಸಿದಳು. ಅವನು ತನ್ನ ಕೈಯನ್ನು ಪರರ ಕೈಯಂತೆ ನೋಡಿದ. ಅವಳು ಈಗ ಎರಡನೆಯ ಸಲ ನೋಡುತ್ತಿದ್ದಳು. ಯಾವ ಗರಡಿಯ ಹುಡುಗನೂ ಮಣ್ಣು ಹುಡುಕುವ ನಾಟಕ ಆಡುವುದಿಲ್ಲ. ಅದು ಅಪಶಕುನ, ಲಗಮಪ್ಪನಿದ್ದರೆ ಬಾರುಕೋಲು ತೆಗೆದುಕೊಳ್ಳುತ್ತಿದ್ದ. ಗರಡಿಯ ಬಾಗಿಲಲ್ಲೇ ಬೆಳೆದವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಾಣಲಿಲ್ಲ. ಕಲೆಯನ್ನು ಕಾಣಲು ಕುಳಿತ ಕಣ್ಣಿಗೆ ತಮ್ಮನ ನೋವು ಕಲೆಯಾಗಿಯೇ ಕಂಡಿತ್ತು.

ತುಣುಕಿನಲ್ಲಿ ಬಿದ್ದವನ ಬಲಗೈ ಅಲುಗಿರಲೇ ಇಲ್ಲ. “ಬಲಗೈಲೆ ನನ್ನ ಕೈ ಹಿಡಿ ನೋಡೂಣು. ಗಟ್ಟಿ,” ಎಂದಳು.

ಅವನ ಬೆರಳುಗಳು ಅವಳ ಅಂಗೈಯನ್ನು ಸುತ್ತಿಕೊಂಡವು, ಬಿಗಿಯಲಿಲ್ಲ.

ಅಂದೇ ಅವನನ್ನು ಧಾರವಾಡಕ್ಕೆ ಕರೆದೊಯ್ದಳು. ಸ್ಕ್ಯಾನ್ ನೋಡಿದ ಡಾಕ್ಟರು ಬಯ್ಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಕುತ್ತಿಗೆ ಎಲುಬು ಸರದು ನರದ ಮ್ಯಾಲ ಕುಂತೈತಿ. ಪಟ್ಟಾ ಹಾಕ್ಕೊಂಡು ಸುಮ್ಮನಿದ್ರ ಕೈ ತಿರುಗಿ ಬರಬಹುದು. ಇನ್ನೊಮ್ಮೆ ಹಂಗ ಬಿದ್ರ ಕುತ್ತಿಗಿಂದ ಕೆಳಗ ಏನೂ ನಿಮ್ಮದಲ್ಲ,” ಎಂದರು. ಕಾಂತೇಶ ಶಾಲೆಯ ಹುಡುಗನಂತೆ ತಲೆಯಾಡಿಸಿದ.

ಬರುವಾಗ ಬಸ್ಸಿನಲ್ಲಿ ಅವನು ಕುತ್ತಿಗೆಯ ಪಟ್ಟಾ ಬಿಚ್ಚಿ ಚೀಲದೊಳಗಿಟ್ಟ. “ಬೈಲಹೊಂಗಲದ್ದೊಂದು ಆಡಿ ಬಿಡತೇನಿ ಅಕ್ಕಾ. ನಮ್ಮೂರಾಗ ಒಂದ ಸಲಾ.”

“ಹುಚ್ಚ ಹಿಡದೈತೇನು ನಿನಗ?”

“ನೀ ಯಾವುದಕ್ಕ ಐದ ಕೊಟ್ಟಿ, ಅದನ್ನ ನಾ ಮಾಡಿದಂಗ ಇಲ್ಲಲ್ಲಾ. ನನಗ ನೆನಪ ಇಲ್ಲ ಅದು. ಒಂದ ಸಲಾ ತಿಳದು ಮಾಡತೇನಿ. ನಮ್ಮೂರ ಮಂದಿ ಮುಂದ, ನೀ ಎದುರಿಗೆ ಕುಂತಾಗ.” ಅವನು ಅವಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ. “ಅವ್ವಗ ಹೇಳಿದ್ರ ನನ್ನ ಮ್ಯಾಲ ಆಣಿ.”

ಪೂನಮ್ ಗಿಳಿಗೆ ಹೇಳಿದಂತೆ ಹೇಳಿದಳು, ಅತ್ತಳು, ಬೈದಳು. ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತ. ಊರಿಗೆ ಬಂದು ವಿರೂಪಾಕ್ಷನ ಬಳಿ ಹೋದಳು. ಕಂಪನಿಯ ಒಡೆಯ ಕೆಟ್ಟವನಲ್ಲ, ಆದರೆ ಕೈಗೆ ಬಂದ ತುತ್ತನ್ನು ಬಿಡುವವನೂ ಅಲ್ಲ.

“ಅಂವ ಆರಾಮ ಅದೇನಿ ಅಂತಾನ್ರಿ ಅಕ್ಕಾರ,” ಎಂದ. “ನೀವು ಐದ ಕೊಟ್ಟಿದ್ದಕ್ಕ ಮಂದಿ ಬರಾಕತ್ತಾರ. ಈಗ ನೀವ ಬಂದು ಬ್ಯಾಡ ಅಂತೀರಿ. ಹಗ್ಗಾ ಕಟ್ಟಿದವರೂ ನೀವ, ಬಿಚ್ಚಾವರೂ ನೀವ ಅಂದ್ರ ಹೆಂಗ್ರಿ?”

ಅವನ ಮಾತು ಸುಳ್ಳಾಗಿರಲಿಲ್ಲ.

ಈ ಆಟದವರಲ್ಲಿ ಒಂದು ಕಟ್ಟಳೆ ಇದೆ: ಯಾವ ಪೆಟ್ಟು ನಿಜ, ಯಾವುದು ನಾಟಕ ಎಂಬುದನ್ನು ಹೊರಗೆ ಬಾಯಿಬಿಡಬಾರದು. ಪೂನಮ್ ಅದನ್ನು ಇಷ್ಟು ವರ್ಷ ಪಾಲಿಸಿದ್ದಳು. ಇನ್ನೂ ದೊಡ್ಡ ಸಂಕಟವೆಂದರೆ, ಅದು ನಿಜದ ಪೆಟ್ಟು ಎಂದರೆ ಕಾಂತೇಶ ಆಟಗಾರನೇ ಅಲ್ಲ ಎಂದಂತೆ; ಬೀಳಲು ಬಾರದೆ ಬಿದ್ದವನು ಎಂದಂತೆ. ಅಪ್ಪನ ಗೆಲುವನ್ನು ಕಟ್ಟೆಯ ಮೇಲಿನವರು ನುಂಗಿದ್ದರು. ಈಗ ತಮ್ಮನ ಹೆಸರನ್ನು ಅವಳೇ ತನ್ನ ಕೈಯಾರೆ ಅಳಿಸಬೇಕಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತವಳಿಗೆ ಅದು ಹರಿದದ್ದೂ ತಿಳಿಯಲಿಲ್ಲ.

ಕೊನೆಗೆ ಅವನ ತಾಯಿ ಸೀತವ್ವ ಕಾಕಿಗೆ ಹೇಳಬಾರದೆಂಬ ಆಣೆಯನ್ನು ಅವಳು ಮುರಿಯಲಿಲ್ಲ. ಊರಿಗೆಲ್ಲ ಹೇಳಿದಳು.

ಮೊಬೈಲಿನ ಮುಂದೆ ಕುಳಿತು ಅವಳು ಹೇಳಿದ್ದಿಷ್ಟು: “ನಾ ತಪ್ಪ ತೂಗೇನಿ. ಸವದತ್ತಿಯೊಳಗ ಕಾಂತೇಶ ಬಿದ್ದದ್ದು ಆಟ ಅಲ್ಲ. ಬೀಳೂದು ತಪ್ಪಿ ಕುತಿಗಿ ಮ್ಯಾಲ ಬಿದ್ದಾನ. ರಾಮದುರ್ಗದಾಗ ಅಂವಾ ನೆಲಾ ನೋಡಿ ಬಿದ್ದಿದ್ದು ಬರೋಬ್ಬರಿ ಇತ್ತು. ನೋಡಬ್ಯಾಡ ಅಂದಾಕಿ ನಾ. ಮನಶ್ಯಾನ ಎಲುಬಿಗೆ ನಾ ಐದ ಚುಕ್ಕಿ ಕೊಟ್ಟೆ. ಆ ಐದೂ ತಿರುಗಿ ತಗೋತೇನಿ. ಆ ಕುಸ್ತಿಗೆ ಏನೂ ಇಲ್ಲ, ಅರ್ಧಾನೂ ಇಲ್ಲ. ಬೈಲಹೊಂಗಲದ ಮಂದಿ, ಅದನ್ನ ಮತ್ತ ಮಾಡ ಅಂತ ಸಿಳ್ಳಿ ಹೊಡೀಬ್ಯಾಡ್ರಿ.”

ಸತ್ಯ ಹೇಳಿದರೆ ಜನ ಬುದ್ಧಿ ಕಲಿಯುತ್ತಾರೆಂದು ಅವಳು ತಿಳಿದಿದ್ದಳು. ಎಂಥ ಪೆದ್ದಿ. ತಮ್ಮನ ಏಳಿಗೆ ಕಂಡು ಹೊಟ್ಟೆಕಿಚ್ಚು ಪಡುತ್ತಾಳೆಂದು ಅರ್ಧ ಊರು ಆಡಿತು. ಉಳಿದರ್ಧ ಊರು ಆಟಕ್ಕೆ ಹೋಗಲು ಸಿದ್ಧವಾಯಿತು. ನಾಟಕದಲ್ಲಿ ಬೀಳುವವನನ್ನು ಯಾರು ಬೇಕಾದರೂ ನೋಡಬಹುದು, ನಿಜವಾಗಿ ಬೀಳುವವನು ಎಲ್ಲಿ ಸಿಗುತ್ತಾನೆ? ವಿರೂಪಾಕ್ಷ ಮೊದಲು ಫೋನಿನಲ್ಲಿ “ನನ್ನ ಅನ್ನದಾಗ ಮಣ್ಣ ಹಾಕಿದ್ರಿ” ಎಂದು ಅರಚಿದ್ದವನು, ಜನರ ಹುರುಪು ಕಂಡು ಸುಮ್ಮನಾದ. ಕಾಂತೇಶ ಅವಳ ಫೋನು ಎತ್ತಲೇ ಇಲ್ಲ. ಸೀತವ್ವ ಮಗನ ಕಾಲು ಹಿಡಿದಳಂತೆ. ಅವನು ಎದ್ದು ಕಂಪನಿಯ ಟೆಂಟಿಗೆ ಹೋಗಿ ಅಲ್ಲೇ ಉಳಿದನಂತೆ.

ಫೋನು ಮಾಡಿದವನು ಸಂದೀಪ ಒಬ್ಬನೇ. “ಅಕ್ಕಾರ, ಒಗದಾಂವ ನಾನರಿ,” ಎಂದ. “ಅಂವ ಎದ್ದಾಂವ ನನ್ನ ಕೂಡ ಪೂರಾ ಕುಸ್ತಿ ಆಡಿದ. ನನಗ ಗೊತ್ತ ಆಗ್ಲಿಲ್ರಿ. ಜೋಡೀದಾಂವಗ ಗೊತ್ತ ಆಗಬೇಕಿಲ್ಲೇನ್ರಿ?”

“ನಾ ಎದುರಿಗೆ ಕುಂತು ನೋಡಿದೆ. ನನಗ ಗೊತ್ತಾಗ್ಲಿಲ್ಲೋ ತಮ್ಮಾ,” ಎಂದಳು ಪೂನಮ್.

ಆಟದ ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂನಮ್ ಮುಂದಿನ ಸಾಲಿಗೇ ಹೋಗಿ ಕುಳಿತಳು. ಅವನನ್ನು ತಡೆಯಲಾಗದಿದ್ದರೆ ಅವನು ಬಿದ್ದಲ್ಲಿಗೆ ಮೊದಲು ಓಡುವವಳು ತಾನಾಗಿರಬೇಕೆಂಬುದೊಂದೇ ಅವಳ ತಲೆಯಲ್ಲಿತ್ತು. ಕಾಂತೇಶ ಹಾಡಿನೊಂದಿಗೆ ಬಂದ, ಪಟ್ಟಾ ಇಲ್ಲದ ಕುತ್ತಿಗೆಯನ್ನು ಸೆಟೆಸಿಕೊಂಡು. ಅವಳ ಕಡೆ ನೋಡಲಿಲ್ಲ. ಕುಸ್ತಿ ಶುರುವಾದ ಗಳಿಗೆಯಿಂದ ಜನ ಒಂದೇ ಕೂಗು ಹಿಡಿದರು: “ಎತ್ತಿ ಒಗಿ! ಎತ್ತಿ ಒಗಿ!” ಅವರಲ್ಲಿ ಅವಳ ಅಂಗಡಿಗೆ ದಿನಾ ಬರುವವರಿದ್ದರು, ಲಗಮಪ್ಪ ಸತ್ತಾಗ ಮಣ್ಣಿಗೆ ಬಂದವರಿದ್ದರು.

ಕಾಂತೇಶ ಮೂಲೆಯ ಕಂಬದ ತುದಿಗೆ ಏರಿದ. ಜನರಿಗೆ ಬೆನ್ನು ಹಾಕಿ ಎರಡೂ ತೋಳು ಚಾಚಿ ನಿಂತು ಸಂದೀಪನಿಗಾಗಿ ಕಾದ. ಸಂದೀಪ ಕಂಬದ ಬುಡಕ್ಕೆ ಬಂದು, ಹಗ್ಗದ ಮೇಲೆ ಒಂದು ಕಾಲಿಟ್ಟು, ಮೇಲೆ ನೋಡಿದ. ಕೂಗು ಆಕಾಶಕ್ಕೇರಿತು. ಅವನು ಕಾಲನ್ನು ಕೆಳಗಿಳಿಸಿದ. ತಿರುಗಿ ರಿಂಗಿನ ನಟ್ಟನಡುವೆ ಬಂದು, ಅತ್ತಿತ್ತ ನೋಡಿ, ಯಾರೂ ಮುಟ್ಟದಿದ್ದರೂ ತಾನಾಗಿಯೇ ಅಂಗಾತ ಮಲಗಿದ. ಎರಡೂ ಭುಜ ನೆಲಕ್ಕೆ ಹಚ್ಚಿ ಕಣ್ಣು ಮುಚ್ಚಿದ.

ನಮ್ಮ ಸೀಮೆಯಲ್ಲಿ ಪೈಲವಾನನಾದವನು ಹೊಡೆಸಿಕೊಂಡಾನು, ಕೈಕಾಲು ಮುರಿಸಿಕೊಂಡಾನು, ತಾನಾಗಿ ಬೆನ್ನು ನೆಲಕ್ಕೆ ಹಚ್ಚುವುದಿಲ್ಲ. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ತೀರ್ಪು ಕೊಡುವ ಪಂಚ ಬೇರೆ ದಾರಿ ಕಾಣದೆ ಮೂರು ಎಣಿಸಿ ಸೀಟಿ ಊದಿದ. ಆಮೇಲೆ ಮೈದಾನವೇ ಎದ್ದಿತು. ನೀರಿನ ಬಾಟಲಿ, ಚಪ್ಪಲಿ, ಕುರ್ಚಿಯ ಕಾಲು, ಕೈಗೆ ಸಿಕ್ಕಿದ್ದೆಲ್ಲ ಸಂದೀಪನ ಮೇಲೆ ಬಿತ್ತು. ಅವನು ಮೇಲೇಳಲಿಲ್ಲ. ಕಾಂತೇಶ ಇನ್ನೂ ಕಂಬದ ಮೇಲಿದ್ದ, ಗೆದ್ದವನು, ಚಾಚಿದ ತೋಳು ಹಾಗೇ ಇಟ್ಟುಕೊಂಡು. ಒಬ್ಬನೇ ಹಾರಿಬಿಡುತ್ತಾನೇನೋ ಎಂದು ಪೂನಮ್ ಹಗ್ಗದ ಬಳಿಗೆ ಓಡಿದಳು. ಅವನು ಕೆಳಗೆ ನೋಡಿದ, ಅವಳನ್ನು ನೋಡಿದ. ಆಮೇಲೆ ಎಡಗೈಯಿಂದ ಕಂಬ ತಬ್ಬಿಕೊಂಡು ಮುದುಕನಂತೆ ಒಂದೊಂದೇ ಹಗ್ಗ ಇಳಿದ.

ಟೆಂಟಿನೊಳಗೆ ಅವನು ಟ್ರಂಕಿನ ಮೇಲೆ ಕುಳಿತು ಬೂಟಿನ ಲಾಡಿ ಬಿಚ್ಚಲು ಹೆಣಗುತ್ತಿದ್ದ. ಬಲಗೈ ಬೆರಳುಗಳು ಗಂಟನ್ನು ಹಿಡಿಯುತ್ತಿರಲಿಲ್ಲ. ಹೊರಗೆ ಜನ ಇನ್ನೂ ಬೈಯುತ್ತಿದ್ದರು, ವಿರೂಪಾಕ್ಷ ಮೈಕಿನಲ್ಲಿ ಬೇಡಿಕೊಳ್ಳುತ್ತಿದ್ದ. ಪೂನಮ್ ಅವನ ಮುಂದೆ ನೆಲಕ್ಕೆ ಕುಳಿತು, ಅವನ ಕೈ ಸರಿಸಿ, ಲಾಡಿಗೆ ಕೈ ಹಾಕಿದಳು. ಅವನು ಬೇಡವೆನ್ನಲಿಲ್ಲ.

“ಒಂದರ ಬಿಡಬೇಕಾಗಿತ್ತು ಅಕ್ಕಾ,” ಎಂದ. “ಐದರಾಗ ಒಂದ ಚುಕ್ಕಿ ಬಿಟ್ಟಿದ್ರ ನಿಂದೇನ ಹೋಗತಿತ್ತು?”

“ಒಂದ ಬಿಟ್ಟಿದ್ರ ನೀ ಉಳದ ನಾಕಕ್ಕ ಮತ್ತ ಏರತಿದ್ದಿ.”

ಅವನು ತನ್ನ ಬಲಗೈ ಚಾಚಿದ. ಅದನ್ನು ಮುಷ್ಟಿ ಮಾಡಲು ನೋಡಿದ, ಆಗಲಿಲ್ಲ.

“ಹೂಂ,” ಎಂದ ಕಾಂತೇಶ. “ಏರತಿದ್ದೆ.”

ಪೂನಮ್ ಒಂದು ಬೂಟು ತೆಗೆದು ಪಕ್ಕಕ್ಕಿಟ್ಟು, ಇನ್ನೊಂದರ ಗಂಟಿಗೆ ಕೈ ಹಾಕಿದಳು.